ಅಕ್ಷರ ಕಲಿತು ಓಟು ಪಡೆದ ದ್ವೀಪ: ಮಾರಿಷಸ್‌ನ 1948ರ ಚುನಾವಣೆ

ಪ್ರಶ್ನೆ: ಮಾರಿಷಸ್ ಪ್ರವಾಸಕ್ಕೆ ಹೋಗಿದ್ದಾಗ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ ನೋಡಿದೆವು. 1948ರ ಚುನಾವಣೆಗೆ ಮುಂಚೆ ಕಬ್ಬಿನ ತೋಟದ ನಮ್ಮವರು ಹೆಸರು ಬರೆಯುವುದನ್ನು ಕಲಿತು ಓಟಿನ ಹಕ್ಕು ಪಡೆದರು, ಅಲ್ಲಿಂದ ಬ್ರಿಟಿಷರ ಆಟ ಮುಗಿಯಿತು ಎಂದು ಗೈಡ್ ಹೇಳಿದರು. ಇದು ನಿಜವೇ? ಬರೀ ಸಹಿ ಹಾಕಲು ಬಂದರೆ ಓಟು ಕೊಡುತ್ತಿದ್ದರೇ? ಆಗಲೇ ಗೆದ್ದಿದ್ದರೆ ಸ್ವಾತಂತ್ರ್ಯಕ್ಕೆ 1968ರವರೆಗೆ ಯಾಕೆ ಕಾಯಬೇಕಾಯಿತು? ಓಟಿಗೆ ಬೇಕಾದ ಭಾಷೆಗಳಲ್ಲಿ ಕನ್ನಡವೂ ಇತ್ತೇ?

ಉತ್ತರ: ನಿಮ್ಮ ಗೈಡ್ ಹೇಳಿದ್ದರಲ್ಲಿ ಮೊದಲ ಅರ್ಧ ಹೆಚ್ಚುಕಡಿಮೆ ನಿಜ. ಎರಡನೇ ಅರ್ಧ ನಿಜವಲ್ಲ. ಓಟು ಸಿಕ್ಕಿತು, ಅಧಿಕಾರ ಸಿಗಲಿಲ್ಲ. 1948ರ ಕತೆಯಲ್ಲಿ ಜನ ಓಟಿನ ಭಾಗವನ್ನು ಮಾತ್ರ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಸಭೆಯೊಳಗೆ ಕುರ್ಚಿಗಳನ್ನು ಹೇಗೆ ಹಂಚಿದ್ದರು ಅನ್ನುವುದನ್ನು ನೋಡುವುದೇ ಇಲ್ಲ. ನನ್ನ ಪ್ರಕಾರ ನಿಜವಾದ ಬೀಗ ಇದ್ದದ್ದು ಅಲ್ಲಿ.

ಮೊದಲು ಹಿನ್ನೆಲೆ. 1810ರಲ್ಲಿ ಬ್ರಿಟಿಷರು ಈ ದ್ವೀಪವನ್ನು ಫ್ರೆಂಚರಿಂದ ಕಿತ್ತುಕೊಂಡರು. ಆದರೆ ಫ್ರೆಂಚ್ ಜಮೀನ್ದಾರರ ಆಸ್ತಿ, ಕಾನೂನು, ಭಾಷೆ ಯಾವುದನ್ನೂ ಮುಟ್ಟಲಿಲ್ಲ. ಗವರ್ನರ್ ಇಂಗ್ಲಿಷಿನವನು, ಸಕ್ಕರೆ ಗಿರಣಿ ಫ್ರೆಂಚ್ ಮೂಲದವರದು. 1835ರಲ್ಲಿ ಗುಲಾಮಗಿರಿ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ, 1834ರ ನವೆಂಬರ್ 2ರಂದು, ಅಟ್ಲಾಸ್ ಎಂಬ ಹಡಗಿನಲ್ಲಿ ಭಾರತದ ಕರಾರು ಕೂಲಿಗಳು ಬಂದಿಳಿದಿದ್ದರು. ಮುಂದಿನ ದಶಕಗಳಲ್ಲಿ ಹೀಗೆ ಬಂದವರು ಸುಮಾರು 4.5 ಲಕ್ಷ ಜನ. ಬಹಳಷ್ಟು ಜನ ಬಿಹಾರದ ಭೋಜಪುರಿ ಸೀಮೆಯವರು. ಮದ್ರಾಸ್ ಕಡೆಯಿಂದ ತಮಿಳರು, ತೆಲುಗರು ಬಂದರು, ಬೊಂಬಾಯಿ ಕಡೆಯಿಂದ ಮರಾಠಿಗರು ಬಂದರು. 1861ರ ಹೊತ್ತಿಗೆ ದ್ವೀಪದ ಮೂರರಲ್ಲಿ ಎರಡು ಪಾಲು ಜನ ಭಾರತೀಯರೇ. ನೀವು ನೋಡಿದ ಘಾಟ್‌ನ ಮೆಟ್ಟಿಲು ಹತ್ತಿ ಬಂದವರು ಇವರು.

ಬ್ರಿಟಿಷರ ಕಾಲದ ಆಡಳಿತ ಸಭೆಗೆ ಮೊದಲ ಚುನಾವಣೆ ನಡೆದದ್ದು 1886ರಲ್ಲಿ. ಪೋಪ್ ಹೆನೆಸ್ಸಿ ಎಂಬ ಗವರ್ನರ್ ಕಾಲದಲ್ಲಿ ಹೊಸ ಸಂವಿಧಾನ ಬಂತು. ಆಡಳಿತ ಸಭೆಯಲ್ಲಿ ಒಟ್ಟು 27 ಸದಸ್ಯರು. ಅದರಲ್ಲಿ ಜನ ಆರಿಸಬೇಕಾದವರು 10 ಮಂದಿ ಮಾತ್ರ: ಪೋರ್ಟ್ ಲೂಯಿಗೆ ಎರಡು ಸೀಟು, ಉಳಿದ ಎಂಟು ಜಿಲ್ಲೆಗೆ ಒಂದೊಂದು. ಓಟು ಹಾಕಬೇಕಾದರೆ ಆಸ್ತಿ ಇರಬೇಕು, ಇಲ್ಲವೇ ಇಷ್ಟು ಬಾಡಿಗೆ ಕಟ್ಟುತ್ತಿರಬೇಕು, ಇಲ್ಲವೇ ತಿಂಗಳಿಗೆ 50 ರೂಪಾಯಿ ಸಂಬಳ ಬರುತ್ತಿರಬೇಕು. (ಅಲ್ಲಿನ ನಾಣ್ಯವೂ ರೂಪಾಯಿಯೇ, ಈಗಲೂ.) ಕರಾರಿನ ಕೂಲಿಗೆ ಆಗ ಸಿಗುತ್ತಿದ್ದದ್ದು ತಿಂಗಳಿಗೆ 5 ರೂಪಾಯಿ ಮತ್ತು ಪಡಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಸುಮಾರು 3.6 ಲಕ್ಷ ಜನರ ದ್ವೀಪದಲ್ಲಿ ಮತದಾರರು 4 ಸಾವಿರದ ಆಸುಪಾಸು. ಅವರಲ್ಲಿ ಭಾರತೀಯರು ಸುಮಾರು 300. ಜನಸಂಖ್ಯೆಯಲ್ಲಿ ಬಹುಮತ ಇದ್ದವರು ಮತದಾರರ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಈ ಏರ್ಪಾಡು ಅಲ್ಪಸ್ವಲ್ಪ ತೇಪೆ ಹಾಕಿಸಿಕೊಂಡು 60 ವರ್ಷ ನಡೆಯಿತು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಬರುತ್ತಿದ್ದ ಗಾಂಧಿ ಅಲ್ಲಿ ಇಳಿದಿದ್ದರು. ಮಕ್ಕಳನ್ನು ಓದಿಸಿ, ರಾಜಕೀಯದಲ್ಲಿ ಪಾಲು ತಗೊಳ್ಳಿ ಎಂದು ಅಲ್ಲಿನ ಭಾರತೀಯರಿಗೆ ಹೇಳಿ ಹೋದರು. 1907ರಲ್ಲಿ ಮಣಿಲಾಲ್ ಡಾಕ್ಟರ್ ಎಂಬ ವಕೀಲರು ಬಂದು ಕೂಲಿಗಳ ಪರ ಕೋರ್ಟಿನಲ್ಲಿ ನಿಂತರು. 1921ರ ಚುನಾವಣೆ ಒಂದು ತಮಾಷೆಯ ಪ್ರಸಂಗ. ದ್ವೀಪವನ್ನು ವಾಪಸ್ ಫ್ರಾನ್ಸಿಗೆ ಸೇರಿಸಬೇಕು ಅನ್ನುವ ಒಂದು ಗುಂಪು ಸ್ಪರ್ಧಿಸಿ ಎಲ್ಲ ಕಡೆ ಸೋತಿತು. ಕೂಲಿಯವನಿಗೆ ಆ ಜಗಳದಲ್ಲಿ ಏನೂ ಇರಲಿಲ್ಲ. ಅದು ದೊಡ್ಡವರ ಮನೆಯ ಮಾತು.

1926ರಲ್ಲಿ ಮೊದಲ ಸಲ ಭಾರತೀಯ ಮೂಲದ ಇಬ್ಬರು ಗೆದ್ದರು. ಗ್ರಾಂಡ್ ಪೋರ್‌ನಲ್ಲಿ ಧನಪತ್ ಲಾಲಾ, ಫ್ಲಾಕ್‌ನಲ್ಲಿ ರಾಜ್‌ಕುಮಾರ್ ಗುಜಾಧರ್. ಇಲ್ಲಿ ಒಂದು ವಿಷಯ ಗಮನಿಸಿ. ಗುಜಾಧರ್ ಕುಟುಂಬ ದೊಡ್ಡ ತೋಟಗಳ ಒಡೆತನದ ಕುಟುಂಬ. 1937ರಲ್ಲಿ ಊಬಾ ಅನ್ನುವ ತಳಿಯ ಕಬ್ಬಿಗೆ ಗಿರಣಿಗಳು ಬೆಲೆ ಇಳಿಸಿದವು. ಆ ತಳಿ ಬೆಳೆಯುತ್ತಿದ್ದವರು ಹೆಚ್ಚಾಗಿ ಸಣ್ಣ ಭಾರತೀಯ ರೈತರು. ಅವರು ಮತ್ತು ಕೂಲಿಗಳು ದಂಗೆ ಎದ್ದರು. ಗುಂಡು ಹಾರಿ ಜನ ಸತ್ತದ್ದು ಯೂನಿಯನ್ ಫ್ಲಾಕ್ ತೋಟದಲ್ಲಿ. ಆ ತೋಟ ಅದೇ ಗುಜಾಧರ್ ಕುಟುಂಬದ್ದು. ಹಾಗಾಗಿ ಇದನ್ನು 'ನಮ್ಮವರು, ಬಿಳಿಯರು' ಎಂದು ಎರಡೇ ಗೆರೆ ಎಳೆದು ಓದಿದರೆ ತಪ್ಪಾಗುತ್ತದೆ. ಹಣವಂತ ಭಾರತೀಯನಿಗೆ ಓಟು ಮೊದಲೇ ಇತ್ತು. ಇಲ್ಲದ್ದು ಬಡವನಿಗೆ. ಆ ಬಡವರಲ್ಲಿ ಆಫ್ರಿಕಾ ಮೂಲದ ಕ್ರಿಯೋಲ್ ಜನರೂ ಇದ್ದರು. ಬಂದರಿನ ಕೆಲಸಗಾರರ ಪರವಾಗಿ, ತೋಟದ ಕೂಲಿಗಳ ಪರವಾಗಿ 1936ರಲ್ಲಿ ಲೇಬರ್ ಪಕ್ಷ ಕಟ್ಟಿದ ಡಾ. ಮೋರಿಸ್ ಕ್ಯುರೆ ಕ್ರಿಯೋಲ್ ಸಮುದಾಯದವರು. ಅದೇ ವರ್ಷದ ಚುನಾವಣೆಯಲ್ಲಿ ಸೋತ ಮೇಲೆ ಅವರು ಪಕ್ಷ ಕಟ್ಟಿದ್ದು. ಮತದಾರರ ಪಟ್ಟಿ ಬದಲಾಗದೆ ಬಡವರ ಅಭ್ಯರ್ಥಿ ಗೆಲ್ಲುವುದಿಲ್ಲ ಅನ್ನುವುದು ಅವರಿಗೆ ಸ್ವಂತ ಅನುಭವ.

1936ರ ನಂತರ 1948ರವರೆಗೆ ಸಾರ್ವತ್ರಿಕ ಚುನಾವಣೆಯೇ ಆಗಲಿಲ್ಲ. ನಡುವೆ ಮಹಾಯುದ್ಧ ಬಂತು. 1938ರಲ್ಲಿ ಬಂದರಿನ ಕೆಲಸಗಾರರ ಮುಷ್ಕರವಾಯಿತು. 1943ರ ಸೆಪ್ಟೆಂಬರಿನಲ್ಲಿ ಬೆಲ್ ವ್ಯೂ ಹಾರೆಲ್ ತೋಟದಲ್ಲಿ ಕೂಲಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಅಂಜಲೈ ಕೂಪೆನ್ ಎಂಬ ಬಸುರಿ ಹೆಂಗಸೂ ಇದ್ದಳು. ಅಲ್ಲಿನ ಕ್ರೀಡಾಂಗಣಕ್ಕೆ ಈಗ ಅವಳದೇ ಹೆಸರು. ಇಷ್ಟೆಲ್ಲ ಆದ ಮೇಲೆ ಹಳೆಯ ಸಭೆಯನ್ನು ಇಟ್ಟುಕೊಂಡೇ ದ್ವೀಪ ನಡೆಸುವುದು ಆಗದ ಮಾತು ಎಂದು ಗವರ್ನರ್ ಮೆಕೆಂಜಿ ಕೆನಡಿಗೆ ಅರ್ಥವಾಗಿತ್ತು. ಲಂಡನ್ನಿನಲ್ಲೂ 1945ರಲ್ಲಿ ಲೇಬರ್ ಸರ್ಕಾರ ಬಂದಿತ್ತು. 1947ರಲ್ಲಿ ಹೊಸ ಸಂವಿಧಾನ ಬಂತು.

ಈಗ ನಿಮ್ಮ ಸಹಿ ಪ್ರಶ್ನೆಗೆ ಬರೋಣ. ಹೊಸ ನಿಯಮದ ಪ್ರಕಾರ 21 ವರ್ಷ ದಾಟಿದ ಗಂಡಸರು, ಹೆಂಗಸರು ಎಲ್ಲರೂ ಮತದಾರರಾಗಬಹುದು. ಷರತ್ತು ಒಂದೇ: ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೂ ಭಾಷೆಯಲ್ಲಿ ಸರಳ ವಾಕ್ಯ ಓದಿ ಬರೆಯಲು ಬರಬೇಕು. ಅಂದರೆ ಸಹಿಗಿಂತ ಸ್ವಲ್ಪ ಜಾಸ್ತಿ. ಜನರ ಬಾಯಲ್ಲಿ ಅದು 'ಸಹಿ ಹಾಕಿದರೆ ಓಟು' ಎಂದಾಗಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಮನೆಗಳಲ್ಲಿ ಹೆಸರು ಬರೆಯುವುದೇ ದೊಡ್ಡ ಹೆಜ್ಜೆ, ಹಾಗಾಗಿ ನೆನಪಿನಲ್ಲಿ ಅದೇ ಉಳಿದಿರುವುದು ಸಹಜ. ಆಸ್ತಿ ಇದ್ದವರಿಗೆ, ಸೈನ್ಯದಲ್ಲಿ ಕೆಲಸ ಮಾಡಿದವರಿಗೆ ಬೇರೆ ದಾರಿಗಳೂ ಇದ್ದವು.

ಭಾಷೆಗಳ ಪಟ್ಟಿಯೇ ಇದರ ಜೀವಾಳ. ಬರೀ ಇಂಗ್ಲಿಷ್, ಫ್ರೆಂಚ್ ಎಂದು ಬರೆದಿದ್ದರೆ ತೋಟದ ಕೂಲಿ ಹೊರಗೇ ಉಳಿಯುತ್ತಿದ್ದ. ಪಟ್ಟಿಯಲ್ಲಿ ಹಿಂದೂಸ್ತಾನಿ, ಉರ್ದು, ತಮಿಳು, ತೆಲುಗು, ಗುಜರಾತಿ, ಚೀನೀ, ಅಲ್ಲಿನ ಆಡುಮಾತಾದ ಕ್ರಿಯೋಲ್ ಕೂಡ ಇದ್ದವು. ಕನ್ನಡ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ, ಕನ್ನಡ ಮಾತಾಡುವ ಸಮುದಾಯ ಎಂದು ಹೇಳಿಕೊಳ್ಳುವಂಥದ್ದು ಅಲ್ಲಿ ಬೆಳೆದಿರಲಿಲ್ಲ.

ಸಕ್ಕರೆ ಧಣಿಗಳ ಲೆಕ್ಕಾಚಾರ ಏನಿತ್ತು ಎಂದು ಊಹಿಸುವುದು ಕಷ್ಟವಲ್ಲ. ಎಲ್ಲರಿಗೂ ಓಟು ಕೊಟ್ಟರೆ ಹಿಂದೂಗಳ ಕೈ ಮೇಲಾಗುತ್ತದೆ ಅನ್ನುವ ಭಯ ಅವರ ಪತ್ರಿಕೆಗಳಲ್ಲಿ ದಿನವೂ ಇತ್ತು. ಅಕ್ಷರದ ಷರತ್ತು ಇಟ್ಟರೆ ಆ ಪ್ರವಾಹ ನಿಧಾನವಾಗಿ ಬರುತ್ತದೆ ಅಂದುಕೊಂಡರು. ಬ್ರಿಟಿಷರಿಗೆ ಬೇರೆ ದಾರಿ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಪಕ್ಕದ ಸಿಲೋನಿನಲ್ಲಿ 1931ರಲ್ಲೇ ಅಕ್ಷರದ ಗೊಡವೆಯಿಲ್ಲದೆ ವಯಸ್ಕರಿಗೆಲ್ಲ ಓಟು ಕೊಟ್ಟಿದ್ದರು. ಜಮೈಕಾದಲ್ಲಿ 1944ರಲ್ಲಿ ಕೊಟ್ಟರು. ಟ್ರಿನಿಡಾಡಿನಲ್ಲಿ ಇಂಗ್ಲಿಷ್ ಅರ್ಥವಾಗದವರಿಗೆ ಓಟು ಬೇಡ ಎಂದು ಸಮಿತಿಯೊಂದು ಹೇಳಿತ್ತು. ಅಲ್ಲಿನ ಭಾರತೀಯರು ಗಲಾಟೆ ಎಬ್ಬಿಸಿದ್ದಕ್ಕೆ ಅದನ್ನು ಕೈಬಿಟ್ಟು 1946ರಲ್ಲಿ ಚುನಾವಣೆ ನಡೆಸಿದರು. ಮಾರಿಷಸ್‌ಗೆ ಮಾತ್ರ ಪರೀಕ್ಷೆ ಉಳಿಯಿತು ಅಂದರೆ ಅಲ್ಲಿ ಸಕ್ಕರೆಯವರ ಮಾತು ಎಷ್ಟು ನಡೆಯುತ್ತಿತ್ತು ನೋಡಿ.

ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಬೈಠಕಾಗಳನ್ನು. ಹಳ್ಳಿ ಹಳ್ಳಿಯಲ್ಲಿ ಭಾರತೀಯರು ಕಟ್ಟಿಕೊಂಡಿದ್ದ ಸಣ್ಣ ಜಗಲಿಮನೆ ಇದು. ಸಂಜೆ ಕೆಲಸ ಮುಗಿಸಿ ಬಂದವರು ಅಲ್ಲಿ ರಾಮಾಯಣ ಓದುತ್ತಿದ್ದರು, ಪಂಚಾಯಿತಿ ಮಾಡುತ್ತಿದ್ದರು, ಮಕ್ಕಳಿಗೆ ಹಿಂದಿ ಅಕ್ಷರ ಹೇಳಿಕೊಡುತ್ತಿದ್ದರು. ಸರ್ಕಾರದ ದುಡ್ಡಿಲ್ಲ, ಸಂಬಳದ ಮೇಷ್ಟ್ರಿಲ್ಲ. ಬಸದೇವ್ ಬಿಸ್ಸೂನ್‌ದಯಾಲ್ ಎಂಬುವರು ಲಾಹೋರ್ ಮತ್ತು ಕಲ್ಕತ್ತಾದಲ್ಲಿ ಓದಿ 1939ರಲ್ಲಿ ಊರಿಗೆ ಮರಳಿದ್ದರು. ಅವರು ಶುರು ಮಾಡಿದ ಜನ ಆಂದೋಲನ ಈ ಬೈಠಕಾಗಳಿಗೆ ಸ್ವಯಂಸೇವಕರನ್ನು ಕಳಿಸಿತು. 1943ರ ಡಿಸೆಂಬರಿನಲ್ಲಿ ಪೋರ್ಟ್ ಲೂಯಿಯಲ್ಲಿ ಅವರು ನಡೆಸಿದ ಮಹಾಯಜ್ಞಕ್ಕೆ ಹತ್ತಾರು ಸಾವಿರ ಜನ ಸೇರಿದ್ದರು. ಸರ್ಕಾರ ಅವರನ್ನು ಮತ್ತೆ ಮತ್ತೆ ಜೈಲಿಗೆ ಹಾಕಿತು. ಧರ್ಮ, ಭಾಷೆ ಅಂತ ಶುರುವಾದ ಈ ಚಳವಳಿಗೆ 1947ರ ಸಂವಿಧಾನ ಒಂದು ಗುರಿಯನ್ನೇ ಕೊಟ್ಟಿತು. ಮತದಾರರ ನೋಂದಣಿ ಮುಗಿಯುವುದರೊಳಗೆ ಎಷ್ಟು ಜನಕ್ಕೆ ಓದು ಬರಹ ಕಲಿಸಲು ಸಾಧ್ಯವೋ ಅಷ್ಟು ಜನಕ್ಕೆ ಕಲಿಸುವುದು.

ದಿನವಿಡೀ ಕಬ್ಬು ಕಡಿದವನು ರಾತ್ರಿ ಬಳಪ ಹಿಡಿದು ಕೂತಿದ್ದಾನೆ. ನೋಂದಣಿ ಅಧಿಕಾರಿಯ ಮುಂದೆ ನಿಂತು ನಾಲ್ಕು ಸಾಲು ಓದಬೇಕು, ಬರೆಯಬೇಕು. ಪರೀಕ್ಷೆ ಅಂದರೆ ಪರೀಕ್ಷೆಯೇ. ಇದೆಲ್ಲ ಒಂದು ರಾತ್ರಿಯಲ್ಲಿ ಆದದ್ದಲ್ಲ. ಬೈಠಕಾಗಳು ದಶಕಗಳಿಂದ ಇದ್ದವು. 1880ರ ದಶಕದಿಂದ ತೋಟಗಳು ತಮ್ಮ ಅಂಚಿನ ಜಮೀನನ್ನು ತುಂಡು ಮಾಡಿ ಮಾರಿದಾಗ ಕೂಲಿಗಳು ಅದನ್ನು ಕೊಂಡು ಹಳ್ಳಿ ಕಟ್ಟಿಕೊಂಡಿದ್ದರು. ತೋಟದ ಲೈನ್ ಮನೆ ಬಿಟ್ಟು ಸ್ವಂತ ಹಳ್ಳಿಗೆ ಬಂದಿದ್ದರಿಂದಲೇ ಅವರಿಗೆ ಧಣಿಯ ಕಣ್ಣು ತಪ್ಪಿಸಿ ಸಂಜೆ ಒಟ್ಟಿಗೆ ಕೂರುವ ಜಾಗ ಸಿಕ್ಕಿದ್ದು. ಆ ಜಮೀನು ಮಾರಾಟ ಇಲ್ಲದಿದ್ದರೆ 1948ರ ಫಲಿತಾಂಶ ಹೀಗೆ ಬರುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಮತದಾರರ ಸಂಖ್ಯೆ ಸುಮಾರು 12 ಸಾವಿರದಿಂದ ಸುಮಾರು 72 ಸಾವಿರಕ್ಕೆ ಏರಿತು. ಒಂದೇ ಜಿಗಿತಕ್ಕೆ ಆರು ಪಟ್ಟು. ಆದರೂ ನಾಲ್ಕು ಲಕ್ಷ ದಾಟಿದ ಜನಸಂಖ್ಯೆಯಲ್ಲಿ ಇದು ಆರನೇ ಒಂದು ಭಾಗಕ್ಕೆ ಹತ್ತಿರ, ಅಷ್ಟೇ. ಹೊರಗೆ ಉಳಿದವರಲ್ಲಿ ಹೆಂಗಸರೇ ಜಾಸ್ತಿ. ಬೈಠಕಾದಲ್ಲಿ ಸಂಜೆ ಕೂತು ಕಲಿಯುವ ಬಿಡುವು ಗಂಡಸಿಗಿತ್ತು. ಹೆಂಗಸು ಗದ್ದೆಯಿಂದ ಬಂದು ಒಲೆ ಹಚ್ಚಬೇಕಿತ್ತು. ಕಾನೂನಿನಲ್ಲಿ ಸಮಾನತೆ ಇತ್ತು, ಪಟ್ಟಿಯಲ್ಲಿ ಇರಲಿಲ್ಲ.

ಮತದಾನ ನಡೆದದ್ದು 1948ರ ಆಗಸ್ಟ್ 9 ಮತ್ತು 10ರಂದು. ಐದು ದೊಡ್ಡ ಕ್ಷೇತ್ರ, 19 ಸೀಟು. ಪೋರ್ಟ್ ಲೂಯಿಗೆ 4, ಪ್ಲೇನ್ ವಿಲೆಮ್ಸ್ ಮತ್ತು ಬ್ಲ್ಯಾಕ್ ರಿವರ್ ಸೇರಿ 6, ಉಳಿದ ಮೂರು ಗ್ರಾಮೀಣ ಕ್ಷೇತ್ರಕ್ಕೆ ಮೂರು ಮೂರು. ಫಲಿತಾಂಶ ಬಂದಾಗ ಹಿಂದೂಗಳು 11, ಕ್ರಿಯೋಲ್ ಸಮುದಾಯದವರು 7, ಫ್ರೆಂಚ್ ಮೂಲದ ಬಿಳಿಯರು ಒಬ್ಬರೇ ಒಬ್ಬರು. 60 ವರ್ಷ ಆ ಸಭೆ ಯಾರ ಹಿತ್ತಲಾಗಿತ್ತೋ ಅವರಿಗೆ ಒಂದು ಸೀಟು! ಗೆದ್ದವರಲ್ಲಿ ಮುಂದೆ ಸ್ವತಂತ್ರ ಮಾರಿಷಸ್‌ನ ಮೊದಲ ಪ್ರಧಾನಿಯಾದ ಡಾಕ್ಟರ್ ಶಿವಸಾಗರ್ ರಾಮ್‌ಗುಲಾಮ್ ಇದ್ದರು, ಲೇಬರ್ ಪಕ್ಷದ ಗೀ ರೋಜೆಮೋನ್ ಇದ್ದರು, ತಮಿಳು ಮೂಲದ ವಕೀಲ ರಂಗನಾದನ್ ಸೀನಿವಾಸನ್ ಇದ್ದರು. ಬಸದೇವರ ತಮ್ಮ ಸುಖದೇವ್ ಬಿಸ್ಸೂನ್‌ದಯಾಲ್ ಕೂಡ ಗೆದ್ದರು. ಎಮಿಲಿಯೆನ್ ರೋಷ್‌ಕೂಸ್ತ್ ಗೆದ್ದು ಆ ಸಭೆಗೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಇಲ್ಲಿಗೆ ಗೈಡ್ ಕತೆ ಮುಗಿಯುತ್ತದೆ. ಮುಂದಿನದನ್ನು ನೋಡಿ.

ಶಾಸನ ಸಭೆಯಲ್ಲಿ 19 ಚುನಾಯಿತರ ಜೊತೆಗೆ ಗವರ್ನರ್ ತಾನೇ ನಾಮಕರಣ ಮಾಡುವ 12 ಸದಸ್ಯರು, ಹುದ್ದೆಯ ಬಲದಿಂದ ಬಂದು ಕೂರುವ 3 ಅಧಿಕಾರಿಗಳು ಇದ್ದರು. ಒಟ್ಟು 34. ಅಧ್ಯಕ್ಷ ಸ್ಥಾನದಲ್ಲಿ ಗವರ್ನರ್. ಬಹುಮತಕ್ಕೆ 18 ಬೇಕು. 19 ಜನರೂ ಒಂದೇ ಕಡೆ ಕೈ ಎತ್ತಿದರೆ ಗೆಲುವು. ಇಬ್ಬರು ಆಚೆ ಹೋದರೆ 17ಕ್ಕೆ 17. ಮೂವರು ಹೋದರೆ ಸೋಲು. ನಗರದ ಕ್ರಿಯೋಲ್ ವಕೀಲರು, ಹಳ್ಳಿಯ ಹಿಂದಿ ಮೇಷ್ಟ್ರು, ಕಾರ್ಮಿಕ ನಾಯಕರು, ಪಕ್ಷದ ಹಂಗಿಲ್ಲದೆ ಗೆದ್ದು ಬಂದವರು, ಹೀಗೆ ಬೇರೆ ಬೇರೆ ದಿಕ್ಕಿನ 19 ಜನ ಒಂದೇ ಮಾತಿಗೆ ನಿಲ್ಲುವುದು ಎಲ್ಲಾದರೂ ಸಾಧ್ಯವೇ? ಪಕ್ಷದ ಶಿಸ್ತು ಅನ್ನುವುದು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಆ 12 ಕುರ್ಚಿಗೆ ಗವರ್ನರ್ ತಂದು ಕೂರಿಸಿದವರಲ್ಲಿ ಹೆಚ್ಚಿನವರು ಹಳೆಯ ಶ್ರೀಮಂತರ ಕಡೆಯವರು. ಚುನಾವಣೆಯಲ್ಲಿ ಮುಂಬಾಗಿಲಿಂದ ಹೊರಗೆ ಹೋದವರು ಹಿತ್ತಲ ಬಾಗಿಲಿಂದ ಒಳಗೆ ಬಂದರು. ಇನ್ನು ದಿನನಿತ್ಯದ ಆಡಳಿತ ಹೇಗೂ ಗವರ್ನರ್ ಕೈಯಲ್ಲೇ ಇತ್ತು. ಮಂತ್ರಿ ಅನ್ನುವ ಹುದ್ದೆಯೇ ಇರಲಿಲ್ಲ.

ಸಮತೋಲನ ಕಾಯಲು, ಅಲ್ಪಸಂಖ್ಯಾತರಿಗೆ ದನಿ ಕೊಡಲು ನಾಮಕರಣ ಬೇಕು ಅನ್ನುವುದು ಬ್ರಿಟಿಷರ ವಾದ. ಆ ವಾದವನ್ನು ಪೂರ್ತಿ ತಳ್ಳಿಹಾಕಲು ಆಗದ ಒಂದು ವಿಷಯ ಇದೆ. 1948ರಲ್ಲಿ ಒಬ್ಬನೇ ಒಬ್ಬ ಮುಸ್ಲಿಂ ಅಭ್ಯರ್ಥಿಯೂ ಗೆಲ್ಲಲಿಲ್ಲ. ಹಲವು ಸದಸ್ಯರ ದೊಡ್ಡ ಕ್ಷೇತ್ರದಲ್ಲಿ ಚದುರಿ ಹೋದ ಸಣ್ಣ ಸಮುದಾಯಕ್ಕೆ ಗೆಲುವು ಕಷ್ಟ. ಚೀನೀಯರ ಕತೆಯೂ ಅದೇ. ಆದರೆ ನಿಜಕ್ಕೂ ಅಲ್ಪಸಂಖ್ಯಾತರ ಕಾಳಜಿ ಇದ್ದಿದ್ದರೆ ಹನ್ನೆರಡರಲ್ಲಿ ಅಷ್ಟೊಂದು ಪಾಲು ಸಕ್ಕರೆಯವರ ಪಾಲಾಗುತ್ತಿರಲಿಲ್ಲ ಎಂದು ನಾನು ಹೇಳುತ್ತೇನೆ.

1953ರ ಚುನಾವಣೆ ಇದೇ ನಿಯಮದಲ್ಲಿ ನಡೆಯಿತು. ಲೇಬರ್ ಪಕ್ಷಕ್ಕೆ ಚುನಾಯಿತ ಸೀಟುಗಳಲ್ಲಿ ಸ್ಪಷ್ಟ ಬಹುಮತ ಬಂತು. ಗವರ್ನರ್ ಮತ್ತೆ 12 ಜನರನ್ನು ತುಂಬಿದರು, ಮತ್ತೆ ಅದೇ ಕತೆ. ಆಗ ಪಕ್ಷದ ಬೇಡಿಕೆ ಸ್ಪಷ್ಟವಾಯಿತು: ಎಲ್ಲ ವಯಸ್ಕರಿಗೂ ಓಟು, ಜನರಿಗೆ ಉತ್ತರ ಹೇಳುವ ಸರ್ಕಾರ. ಇಷ್ಟರಲ್ಲಿ ಭಾರತ 1951-52ರಲ್ಲಿ ಓದು ಬಾರದ ಕೋಟಿಗಟ್ಟಲೆ ಜನರಿಂದಲೂ ಓಟು ಹಾಕಿಸಿ ಮುಗಿಸಿತ್ತು. ಅಕ್ಷರ ಬಾರದವನಿಗೆ ವಿವೇಕ ಇಲ್ಲ ಅನ್ನುವ ಮಾತಿಗೆ ಅಜ್ಜಂದಿರ ಊರಿನಿಂದಲೇ ಉತ್ತರ ಸಿಕ್ಕಿತ್ತು. ಲಂಡನ್ನಿನಲ್ಲಿ ಮಾತುಕತೆಯ ಮೇಲೆ ಮಾತುಕತೆ ನಡೆದು, 1959ರ ಮಾರ್ಚ್ 9ರಂದು ಎಲ್ಲ ವಯಸ್ಕರೂ ಓಟು ಹಾಕಿದ ಮೊದಲ ಚುನಾವಣೆ ಆಯಿತು. ಮತದಾರರು 2 ಲಕ್ಷ ದಾಟಿದರು. ಒಬ್ಬೊಬ್ಬರೇ ಸದಸ್ಯರಿರುವ 40 ಸಣ್ಣ ಕ್ಷೇತ್ರ ಮಾಡಿದ್ದರಿಂದ ಮುಸ್ಲಿಂ ಅಭ್ಯರ್ಥಿಗಳೂ ಗೆದ್ದರು. ತೋಟದ ಹೆಂಗಸು ಮತಗಟ್ಟೆಗೆ ಬಂದದ್ದು ನಿಜವಾಗಿ ಈ ಸಲ. ನನ್ನನ್ನು ಕೇಳಿದರೆ, ಗೈಡ್‌ಗಳು 1948ರಷ್ಟೇ 1959ನ್ನೂ ಹೇಳಬೇಕು. ಅದರಲ್ಲಿ ರಾತ್ರಿ ಶಾಲೆಯಂಥ ಚಂದದ ಕತೆ ಇಲ್ಲ, ಅದಕ್ಕೇ ಹೇಳುವುದಿಲ್ಲ ಅನ್ನಿಸುತ್ತದೆ.

ಅಲ್ಲಿಂದ ಸ್ವಾತಂತ್ರ್ಯಕ್ಕೆ ಇನ್ನೂ ಒಂಬತ್ತು ವರ್ಷ ಯಾಕೆ? ಈ ಹೊತ್ತಿಗೆ ತಡೆ ಲಂಡನ್ನಿನದಷ್ಟೇ ಆಗಿರಲಿಲ್ಲ. ಹಿಂದೂ ಬಹುಮತದ ಸ್ವತಂತ್ರ ದೇಶದಲ್ಲಿ ನಮ್ಮ ಗತಿ ಏನು ಅನ್ನುವ ಭಯ ಬಿಳಿಯರಿಗೆ ಮಾತ್ರವಲ್ಲ, ಬಡ ಕ್ರಿಯೋಲ್ ಜನರಿಗೂ ಇತ್ತು. 1948ರಲ್ಲಿ ರೋಜೆಮೋನ್ ಜೊತೆ ನಿಂತಿದ್ದ ನಗರದ ಕ್ರಿಯೋಲ್ ಮತದಾರರಲ್ಲಿ ಬಹಳ ಜನ 1967ರ ಹೊತ್ತಿಗೆ ಎದುರು ಪಾಳಯದಲ್ಲಿದ್ದರು. ಆ ವರ್ಷದ ಆಗಸ್ಟ್ 7ರ ಚುನಾವಣೆ ಹೆಸರಿಗೆ ಚುನಾವಣೆ, ನಿಜದಲ್ಲಿ ಸ್ವಾತಂತ್ರ್ಯ ಬೇಕೋ ಬೇಡವೋ ಅನ್ನುವ ಜನಮತ. ಬೇಕು ಅನ್ನುವ ರಾಮ್‌ಗುಲಾಮ್ ಕೂಟಕ್ಕೆ 62ರಲ್ಲಿ 39 ಸೀಟು, ಬೇಡ ಅನ್ನುವ ಪಕ್ಷಕ್ಕೆ 23. ಓಟಿನ ಲೆಕ್ಕದಲ್ಲಿ ಬೇಡ ಅಂದವರು ಶೇಕಡ 40ಕ್ಕಿಂತ ಹೆಚ್ಚು. ಮಾರಿಷಸ್‌ಗೆ ಸೇರಿದ ಸಣ್ಣ ರೊಡ್ರಿಗ್ಸ್ ದ್ವೀಪದವರಿಗೆ ಓಟು ಸಿಕ್ಕಿದ್ದೇ ಆ ವರ್ಷ. ಅವರ ಎರಡೂ ಸೀಟು ಬೇಡ ಅನ್ನುವವರಿಗೆ ಹೋಯಿತು. 1968ರ ಮಾರ್ಚ್ 12ರಂದು ಸ್ವಾತಂತ್ರ್ಯ ಬಂತು.

1948ರಲ್ಲಿ ಮುಸ್ಲಿಮರಿಗೆ ಒಂದೂ ಸೀಟು ಬರಲಿಲ್ಲ ಎಂದೆನಲ್ಲ, ಅದರ ನೆರಳು ಇಂದಿಗೂ ಇದೆ. ಮಾರಿಷಸ್ ಸಂವಿಧಾನದಲ್ಲಿ ಚುನಾಯಿತ 62 ಸೀಟುಗಳ ಮೇಲೆ ಇನ್ನೂ 8 ಸೀಟು ಇಟ್ಟಿದ್ದಾರೆ. ಚುನಾವಣೆಯಲ್ಲಿ ಸೋತರೂ ಒಳ್ಳೆಯ ಓಟು ತೆಗೆದವರನ್ನು, ಯಾವ ಸಮುದಾಯಕ್ಕೆ ಕಡಿಮೆ ಸೀಟು ಬಂದಿದೆ ಎಂದು ನೋಡಿ, ಅದರಲ್ಲಿ ಕೂರಿಸುತ್ತಾರೆ. ಹಾಗೆ ಕೂರಿಸುವುದಕ್ಕೆ ಗವರ್ನರ್ ಮರ್ಜಿ ಬೇಕಿಲ್ಲ, ಸೂತ್ರವೇ ಇದೆ. ಆದರೆ ಸೂತ್ರಕ್ಕೆ ಜನಗಣತಿಯ ಅಂಕಿ ಬೇಕು. 1972ರ ನಂತರ ಅಲ್ಲಿ ಜನಗಣತಿಯಲ್ಲಿ ಸಮುದಾಯ ಕೇಳುವುದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಲೆಕ್ಕ ಹಾಕುವುದು ಈಗಲೂ 1972ರ ಅಂಕಿಯ ಮೇಲೆ. ಅಭ್ಯರ್ಥಿ ತನ್ನ ಸಮುದಾಯ ಯಾವುದೆಂದು ಕಡ್ಡಾಯವಾಗಿ ಬರೆಯಬೇಕು ಅನ್ನುವುದರ ವಿರುದ್ಧ ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿವರೆಗೂ ಹೋಯಿತು. 2012ರಲ್ಲಿ ಸಮಿತಿ ದೂರುದಾರರ ಪರವಾಗಿ ಹೇಳಿತು. 2014ರ ಚುನಾವಣೆಗೆ ಮಾತ್ರ ಅನ್ವಯಿಸುವಂತೆ ಅದನ್ನು ಐಚ್ಛಿಕ ಮಾಡಿದರು. ಆ ಎಂಟು ಸೀಟು ಬೇಕೋ ಬೇಡವೋ ಅನ್ನುವ ಜಗಳ ಅಲ್ಲಿ ಪ್ರತಿ ಚುನಾವಣೆಗೂ ಏಳುತ್ತದೆ.